ರಿಂಗ್ ರೋಡ್ ಆಚೆ ಸೈಟ್? ಮೊದಲು ನೀರು ನೋಡಿ

ಮೈಸೂರಿನ ರಿಂಗ್ ರೋಡ್ ಆಚೆ ಸೈಟ್ ತಗೊಂಡು, ವಾರಕ್ಕೆರಡು ಸಲ ಬೆಂಗಳೂರಿಗೆ ಓಡಾಡಬಹುದಾ ಅಂತ ಕೇಳಿದ್ದೀರಿ.

ಓಡಾಟಕ್ಕೆ ತೊಂದರೆಯಿಲ್ಲ. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬಿಡದಿ, ಚನ್ನಪಟ್ಟಣ, ಮಂಡ್ಯದ ಪೇಟೆಯೊಳಗೆ ಸಿಕ್ಕಿಕೊಳ್ಳುವ ಕಷ್ಟ ತಪ್ಪಿದೆ. (ಚನ್ನಪಟ್ಟಣದ ಗೊಂಬೆ ಅಂಗಡಿಯವರನ್ನು ನೆನೆದರೆ ಬೇಜಾರಾಗುತ್ತದೆ, ಅದು ಬೇರೆ ಮಾತು.) ಬೈಕ್‌ನಲ್ಲಿ ಹೋಗುವುದಾದರೆ ಮಾತ್ರ ಸರ್ವಿಸ್ ರಸ್ತೆಯೇ ಗತಿ. ಟೋಲ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ನನ್ನ ಚಿಂತೆಯೆಲ್ಲ ನೀರಿನದು. ನಮ್ಮ ಬಡಾವಣೆಯಲ್ಲಿ ಗೇಟಿಗೊಂದು ನೀಲಿ ಡ್ರಮ್ ಇದೆ. ಟ್ಯಾಂಕರ್ ಹಾರ್ನ್ ಕೇಳಿಸಿದರೆ ಹಾಲಿನ ಒಲೆ ಆರಿಸಿ ಓಡುತ್ತೇವೆ. ಬೋರ್‌ವೆಲ್ ನೀರು ಎಷ್ಟು ಗಡಸು ಅಂದರೆ ಬೇಳೆ ಬೇಗ ಬೇಯುವುದಿಲ್ಲ, ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಸೈಟ್ ಮಾರುವವರು ಕೆಆರ್‌ಎಸ್ ಹಿನ್ನೀರಿನಿಂದ ನೀರು ತರುವ ‘ಹಳೇ ಉಂಡವಾಡಿ’ (ಅದು ಊರಿನ ಹೆಸರು) ಯೋಜನೆಯ ಬಗ್ಗೆ ಖಂಡಿತ ಹೇಳುತ್ತಾರೆ. ನಿಮ್ಮ ಬೀದಿಯಲ್ಲಿ ಪೈಪ್ ಕಣ್ಣಿಗೆ ಕಾಣುವವರೆಗೆ ಸುಮ್ನೆ ಅದನ್ನು ನಂಬಿ ದುಡ್ಡು ಹಾಕಬೇಡಿ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ. ಮನೆ ಕಟ್ಟಿಕೊಂಡವರನ್ನೇ ಮಾತಾಡಿಸಿ. ಬಡಾವಣೆಗೆ ಅನುಮೋದನೆ ಇದೆಯಾ, ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ಆಗಿದೆಯಾ ನೋಡಿ. ಅಡ್ವಾನ್ಸ್ ಮಾತು ಆಮೇಲೆ.