ಪಟ್ಟಾ ಬೇಕಾ? ಮೊದಲು ಮನೆ ಕಟ್ಟಿ!

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಅಣ್ಣನ ಮಗ ವಯೋಮಿಂಗ್‌ನ ಒಂದು ಹಳೇ ರ‍್ಯಾಂಚ್ ಮನೆಯ ಫೋಟೊ ಕಳಿಸಿದ್ದಾನೆ, ಕನ್ನಿಂಗ್‌ಹ್ಯಾಮ್ ಕ್ಯಾಬಿನ್ ಅಂತೆ. ಗೋಡೆಯೆಲ್ಲ ಮರದ ದಿಮ್ಮಿ, ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಅಂಥ ಜಾಗದಲ್ಲಿ ಯಾಕೆ ಕಟ್ಟಿದರು? ಆಗ ಜಮೀನು ಪುಕ್ಕಟೆ ಸಿಗುತ್ತಿತ್ತು ಅನ್ನೋದು ನಿಜವೇ?
– ಓದುಗರು, ಚಳ್ಳಕೆರೆ

ಉತ್ತರ: ಪುಕ್ಕಟೆ ಅನ್ನೋದು ಅರ್ಧ ನಿಜ. 1862ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಸಣ್ಣ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 160 ಎಕರೆವರೆಗೆ ಹಿಡಿಯಬಹುದಿತ್ತು. ಆದರೆ ಪಟ್ಟಾ ಕೈಗೆ ಬರಬೇಕಾದರೆ ಅಲ್ಲೇ ಮನೆ ಕಟ್ಟಿ, ಉಳುಮೆ ಮಾಡಿ, 5 ವರ್ಷ ವಾಸ ಇರಬೇಕು. ಸುಮ್ನೆ ಬೇಲಿ ಹಾಕಿ ಬರೋ ಹಾಗಿಲ್ಲ. ಅದಕ್ಕೇ ಆ ಮನೆಗಳು ಒಂಟಿ. ನಮ್ಮಲ್ಲಿ ಮನೆ ಊರೊಳಗೆ, ಹೊಲ ಆಚೆ, ಅಲ್ವಾ? ಅಲ್ಲಿ ಜಮೀನಿನ ನಡುವೆಯೇ ಮನೆ. ನಿಮ್ಮ ಕಡೆಯ ಅಮೃತಮಹಲ್ ಕಾವಲಿನ ಲೆಕ್ಕವೂ ಬೇರೆ: ಅದು ಅರಸರ ದನಕ್ಕೆ ಮೀಸಲಿಟ್ಟ ಹುಲ್ಲುಗಾವಲು, ಯಾವ ರೈತನ ಹೆಸರಿಗೂ ಅಲ್ಲ. (ವಯೋಮಿಂಗ್‌ನ ಆ ನೆಲದಲ್ಲಿ ಮೊದಲಿಂದ ಬೇಟೆಯಾಡಿಕೊಂಡಿದ್ದ ಶೋಷೋನಿ ಮುಂತಾದ ಮೂಲನಿವಾಸಿಗಳನ್ನು ಮಾತ್ರ ಯಾರೂ ಕೇಳಲಿಲ್ಲ.)

ಇನ್ನು ಮನೆ. ಪಿಯರ್ಸ್ ಕನ್ನಿಂಗ್‌ಹ್ಯಾಮ್ ಜ್ಯಾಕ್ಸನ್ ಹೋಲ್ ಕಣಿವೆಗೆ ಬಂದಿದ್ದು 1880ರ ದಶಕದಲ್ಲಿ. ಇಟ್ಟಿಗೆ ತರೋಣ ಅಂದರೆ ಹತ್ತಿರ ರೈಲಿಲ್ಲ, ಆದರೆ ಬೆಟ್ಟದ ತುಂಬ ನೆಟ್ಟಗೆ ಬೆಳೆದ ಪೈನ್ ಮರ. ಎರಡು ಕೋಣೆ, ನಡುವೆ ತೆರೆದ ಓಣಿ, ಎಲ್ಲಕ್ಕೂ ಒಂದೇ ಚಾವಣಿ. ಮೂಲೆ ನೋಡಿ: ದಿಮ್ಮಿಯ ತುದಿಯಲ್ಲಿ ಕಚ್ಚು ಹಾಕಿ ಒಂದರ ಮೇಲೊಂದು ಅಡ್ಡ ಕೂರಿಸಿದ್ದಾರೆ, ಮೇಲಿನ ದಿಮ್ಮಿಯ ಭಾರಕ್ಕೇ ಕೆಳಗಿನದು ಬಿಗಿಯಾಗುತ್ತದೆ. ಇಂಥ ಮನೆಗಳಲ್ಲಿ ದಿಮ್ಮಿಗಳ ಸಂದಿಗೆ ಮರದ ಚಕ್ಕೆ ತುರುಕಿ ಮಣ್ಣು ಮೆತ್ತುತ್ತಿದ್ದರು. ಚಾವಣಿಗೂ ಮಣ್ಣೇ. ಮಾಳಿಗೆ ಮನೆ ಕಂಡ ನಿಮಗೆ ಇದು ಹೊಸದೇನಲ್ಲ, ನಮ್ಮ ಮಾಳಿಗೆ ಮಟ್ಟಸ, ಅದು ಇಳಿಜಾರು, ಅಷ್ಟೇ. ಬಾಳಿಕೆಗೆ ಶತ್ರು ನೆಲದ ತೇವ. ಕೊಳೆಯುವುದು ಬುಡದ ದಿಮ್ಮಿಯಿಂದಲೇ ಶುರು.

ಬದುಕೇನೂ ಸಲೀಸಲ್ಲ. ಬೇಸಿಗೆಯಲ್ಲಿ ಕೊಯ್ದಿಟ್ಟ ಒಣಹುಲ್ಲಿನಲ್ಲೇ ಹಿಮದ ತಿಂಗಳುಗಳಲ್ಲಿ ದನ ಸಾಕಬೇಕು. 1893ರಲ್ಲಿ ಇಲ್ಲಿ ತಂಗಿದ್ದ ಇಬ್ಬರನ್ನು ಕುದುರೆ ಕಳ್ಳರು ಅನ್ನೋ ಅನುಮಾನದ ಮೇಲೆ ಗುಂಡಿಟ್ಟು ಕೊಂದರು, ಕೋರ್ಟು ಕಚೇರಿ ಏನೂ ಇಲ್ಲ. ಮೊದಲ ಮಹಾಯುದ್ಧದ ನಂತರ ದನದ ಬೆಲೆ ಬಿತ್ತು. 1925ರಲ್ಲಿ ಕನ್ನಿಂಗ್‌ಹ್ಯಾಮ್ ಮತ್ತು ನೆರೆಯ ರೈತರೇ, ನಮ್ಮ ಜಮೀನು ಕೊಂಡು ಈ ಕಣಿವೆ ಉಳಿಸಿ ಅಂತ ಮನವಿ ಬರೆದರು. ಈಗ ಆ ಜಾಗ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದೊಳಗಿದೆ.