ದುಡಿ ಹಾಡಿನ ರೆಕಾರ್ಡಿಂಗ್‌ಗೆ ಉಚಿತ ತಂತ್ರಾಂಶ: ಅದನ್ನು ಮಾಡುವವರು ಯಾರು?

ಹುತ್ತರಿ ಹತ್ತಿರವಾಗುತ್ತಿದ್ದಂತೆ ಕೊಡಗಿನ ಓದುಗರಿಂದ ರೆಕಾರ್ಡಿಂಗ್ ಕುರಿತ ಪ್ರಶ್ನೆಗಳು ಬಂದಿವೆ. ಈ ಸಂಚಿಕೆಯಲ್ಲಿ ಐದಕ್ಕೆ ಉತ್ತರ.

ಪ್ರಶ್ನೆ: ದುಡಿ ಎಂಬ ಸಣ್ಣ ಚರ್ಮವಾದ್ಯ ಬಾರಿಸುತ್ತಾ ಬಾಳೊ ಪಾಟ್ ಹಾಡುವ ನಮ್ಮೂರಿನ ನಾಲ್ವರು ಹಿರಿಯರ ಹಾಡುಗಳನ್ನು ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಹಾಕಿಕೊಂಡು ರೆಕಾರ್ಡ್ ಮಾಡುತ್ತಿದ್ದೇವೆ. ಇಷ್ಟು ಒಳ್ಳೆಯ ತಂತ್ರಾಂಶವನ್ನು ಯಾರಾದರೂ ಬಿಟ್ಟಿ ಯಾಕೆ ಕೊಡುತ್ತಾರೆ? ನಾಳೆ ದುಡ್ಡು ಕೇಳಿದರೆ ನಮ್ಮ ಹಾಡುಗಳ ಗತಿ ಏನು?
(ವಿರಾಜಪೇಟೆ)

ಉತ್ತರ: ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಡೊಮಿನಿಕ್ ಮಜ್ಜೋನಿ ಎಂಬ ವಿದ್ಯಾರ್ಥಿ ಮತ್ತು ಅವರ ಪ್ರಾಧ್ಯಾಪಕ ರೋಜರ್ ಡ್ಯಾನನ್‌ಬರ್ಗ್ ಸೇರಿ ಇದನ್ನು ಶುರು ಮಾಡಿದರು. ಜನರ ಕೈಗೆ ಬಂದದ್ದು 2000ದ ಮೇ ತಿಂಗಳಲ್ಲಿ. ಆಮೇಲೆ ಇಪ್ಪತ್ತು ವರ್ಷ ಅದನ್ನು ನಡೆಸಿದ್ದು ಹೆಚ್ಚಾಗಿ ಸ್ವಯಂಸೇವಕರು. 2021ರಲ್ಲಿ ಮ್ಯೂಸ್ ಗ್ರೂಪ್ ಎಂಬ ಕಂಪನಿ ಅದನ್ನು ಕೊಂಡಿತು. ಅದೇ ವರ್ಷ ಬಳಕೆಯ ಮಾಹಿತಿ ಸಂಗ್ರಹಿಸುವ ಯೋಜನೆಯೊಂದನ್ನು ಮುಂದಿಟ್ಟಾಗ ಬಳಕೆದಾರರು ಬಲವಾಗಿ ವಿರೋಧಿಸಿದರು, ಕಂಪನಿ ಅದನ್ನು ಕೈಬಿಟ್ಟಿತು. ಅಷ್ಟಕ್ಕೂ ಸಮಾಧಾನವಾಗದ ಕೆಲವರು ಅದೇ ಕೋಡ್ ಎತ್ತಿಕೊಂಡು ಟೆನಾಸಿಟಿ ಎಂಬ ಬೇರೆ ತಂತ್ರಾಂಶವನ್ನೇ ಹೊರತಂದರು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಆಡಾಸಿಟಿಯಂತೆ ಜಿಪಿಎಲ್ ಪರವಾನಗಿಯಲ್ಲಿ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು ಎಂಬ ಷರತ್ತಿನಲ್ಲಿ, ಒಮ್ಮೆ ಕೊಟ್ಟ ಕೋಡನ್ನು ಯಾರೂ ವಾಪಸು ಪಡೆಯಲಾಗದು. ಹೆಸರು ಕಂಪನಿಯದಾಗಬಹುದು. ಆದರೆ ಈಗ ನಿಮ್ಮ ಯಂತ್ರದಲ್ಲಿರುವ ಆವೃತ್ತಿಯನ್ನು ಬಳಸುವ, ಹಂಚುವ, ತಿದ್ದುವ ಹಕ್ಕು ನಿಮ್ಮದೇ.

ದುಡ್ಡಿಗಿಂತ ನಿಜವಾದ ಅಪಾಯ ಇರುವುದು ಫೈಲ್ ಕಾಪಿ ಮಾಡುವಾಗ. 2021ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಗೆ ಮೊದಲು ಆಡಾಸಿಟಿ ಪ್ರಾಜೆಕ್ಟ್ ಎಂದರೆ ಒಂದು ಸಣ್ಣ ಎಯುಪಿ ಫೈಲು ಮತ್ತು ಅದರ ಪಕ್ಕ 'ಡೇಟಾ' ಎಂಬ ಫೋಲ್ಡರ್. ಹಾಡು ಇರುತ್ತಿದ್ದುದು ಫೋಲ್ಡರಿನಲ್ಲಿ. ಫೈಲನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದವರಿಗೆ ಸಿಕ್ಕಿದ್ದು ಖಾಲಿ ಪ್ರಾಜೆಕ್ಟ್. ಈಗ ಎಲ್ಲವೂ ಎಯುಪಿ3 ಎಂಬ ಒಂದೇ ಫೈಲಿನೊಳಗೆ ಇರುತ್ತದೆ. ಆದರೂ ಪ್ರಾಜೆಕ್ಟ್ ತೆರೆದಿರುವಾಗ ಅದನ್ನು ಕಾಪಿ ಮಾಡಬೇಡಿ. ಕೊನೆಯ ಬದಲಾವಣೆಗಳು ಆಗ ಪಕ್ಕದ ತಾತ್ಕಾಲಿಕ ಫೈಲಿನಲ್ಲಿರುತ್ತವೆ, ಪ್ರಾಜೆಕ್ಟ್ ಮುಚ್ಚಿದಾಗಲೇ ಒಳಗೆ ಸೇರುವುದು. ಇದೇ ಕಾರಣಕ್ಕೆ ತಾನಾಗಿ ಕ್ಲೌಡ್‌ಗೆ ಏರುವ ಫೋಲ್ಡರಿನಲ್ಲಿಟ್ಟು ಕೆಲಸ ಮಾಡುವುದೂ ಬೇಡ.

ಇನ್ನು, ಎಯುಪಿ3ಯನ್ನು ದಾಸ್ತಾನು ಎಂದುಕೊಳ್ಳಬೇಡಿ. ಪ್ರತಿ ಹಾಡನ್ನೂ ಫ್ಲಾಕ್ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡಿ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಿ. 48,000 ಹರ್ಟ್ಸ್, 24 ಬಿಟ್, ಸ್ಟೀರಿಯೊ ಆದರೆ ಕುಗ್ಗಿಸದ ವೇವ್ ಫೈಲು ಗಂಟೆಗೆ ಸುಮಾರು 1 ಜಿಬಿ. ಫ್ಲಾಕ್‌ನಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಧ್ವನಿಯ ಒಂದು ಕಣವೂ ಹೋಗುವುದಿಲ್ಲ. ಫ್ಲಾಕ್ ಕೂಡ ಮುಕ್ತವೇ. ಜಾಶ್ ಕೋಲ್ಸನ್ ಎಂಬವರು ಬರೆದದ್ದು, ಮೊದಲ ಪೂರ್ಣ ಆವೃತ್ತಿ ಬಂದದ್ದು 2001ರಲ್ಲಿ.

ಪ್ರಶ್ನೆ: ಹಲವು ಮೈಕ್ ಇಟ್ಟು ರೆಕಾರ್ಡ್ ಮಾಡಲು ಆರ್ಡೋರ್ ಒಳ್ಳೆಯದೆಂದು ಕೇಳಿ ಡೌನ್‌ಲೋಡ್ ಮಾಡಲು ಹೋದರೆ ಹಣ ಕೇಳುತ್ತಿದೆ. ಮುಕ್ತ ತಂತ್ರಾಂಶಕ್ಕೆ ಹಣವೇ?
(ನಾಪೋಕ್ಲು)

ಉತ್ತರ: ಮುಕ್ತ ಎಂದರೆ ಬಿಟ್ಟಿ ಎಂದಲ್ಲ. ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು ಎಂದರ್ಥ. ಮಾರಲು ಜಿಪಿಎಲ್ ಅಡ್ಡಿ ಮಾಡುವುದಿಲ್ಲ.

ಆರ್ಡೋರ್ ಬರೆಯಲು ಶುರು ಮಾಡಿದವರು ಪಾಲ್ ಡೇವಿಸ್. ಅಮೆಜಾನ್ ಆರಂಭದ ದಿನಗಳಲ್ಲಿ ಅಲ್ಲಿದ್ದ ಮೊದಲ ಇಬ್ಬರು ಪ್ರೋಗ್ರಾಮರ್‌ಗಳಲ್ಲಿ ಒಬ್ಬರು. ಅಲ್ಲಿಂದ ಹೊರಬಂದ ಮೇಲೆ, 1999ರ ಕೊನೆಯ ಹೊತ್ತಿಗೆ, ಈ ಕೆಲಸಕ್ಕೆ ಕೈಹಾಕಿದರು. ಒಂದು ತಂತ್ರಾಂಶದ ಧ್ವನಿಯನ್ನು ಇನ್ನೊಂದಕ್ಕೆ ಹರಿಸುವ ಜ್ಯಾಕ್ ಕೂಡ ಮೂಲತಃ ಅವರದೇ. ಈಗ ಅವರ ಜೊತೆ ರಾಬಿನ್ ಗರಿಯಸ್ ಆರ್ಡೋರ್‌ನ ಬಹುಪಾಲು ಕೆಲಸ ಹೊತ್ತಿದ್ದಾರೆ. ಜಗತ್ತಿನಾದ್ಯಂತ ಸ್ಟುಡಿಯೊಗಳಲ್ಲಿ ಓಡುವ ತಂತ್ರಾಂಶದ ನಿತ್ಯದ ಭಾರ ಹೀಗೆ ಬೆರಳೆಣಿಕೆಯ ಜನರ ಮೇಲಿದೆ. ಬಳಸುವವರು ಕೊಡುವ ಸಣ್ಣ ಸಣ್ಣ ಮೊತ್ತವೇ ಅವರ ಸಂಬಳ. ಹಾಗಾಗಿ ಕೊಡಿ ಎಂದೇ ನಮ್ಮ ಸಲಹೆ.

ದಾರಿ ಮೂರಿವೆ. ಅವರೇ ಸಿದ್ಧಪಡಿಸಿದ ಆವೃತ್ತಿಗೆ ನಿಮಗೆ ತೋಚಿದಷ್ಟು ಕೊಡಬಹುದು, ಒಂದು ಡಾಲರಿನಿಂದ ಶುರು. ಹಣ ಕೊಡದೆ ಇಳಿಸಿಕೊಳ್ಳುವ ಮಾದರಿ ಆವೃತ್ತಿ ಹತ್ತು ನಿಮಿಷ ಕಳೆದ ಮೇಲೆ ಮೌನವಾಗುತ್ತದೆ. ಅದನ್ನು ನಂಬಿ ಹಿರಿಯರನ್ನು ಹಾಡಲು ಕೂರಿಸಬೇಡಿ. ಲಿನಕ್ಸ್ ಬಳಸುವವರಾದರೆ ಡೆಬಿಯನ್, ಉಬುಂಟು, ಫೆಡೋರಾಗಳ ಭಂಡಾರದಲ್ಲೇ ಆರ್ಡೋರ್ ಪೂರ್ತಿ ಉಚಿತವಾಗಿ ಸಿಗುತ್ತದೆ. ಆದರೆ ತೊಂದರೆಯಾದಾಗ ಆರ್ಡೋರ್‌ನವರು ಮೊದಲು ಹೇಳುವುದು "ನಮ್ಮ ಆವೃತ್ತಿಯಲ್ಲೂ ಹೀಗಾಗುತ್ತದೆಯೇ, ನೋಡಿ" ಎಂದೇ. ಬೇರೆಯವರು ಕಟ್ಟಿದ ಪ್ಯಾಕೇಜಿನಲ್ಲಿ ಯಾವ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಸೇರಿದೆ ಎಂಬುದು ಅವರ ಕೈಯಲ್ಲಿಲ್ಲ, ಅದಕ್ಕೆ.

ಕಾರ್ಡಿನಿಂದ ಡಾಲರ್ ಪಾವತಿ ಆಗದಿದ್ದರೆ ಗಾಬರಿ ಬೇಡ. 2020ರಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಬಂದ್ ಆಗಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ, ಪಾವತಿ ಮುಗಿದ ಮೇಲೆ ಆಫ್ ಮಾಡಿ. ತಿಂಗಳ ಕಂತಿಗಿಂತ ಒಂದೇ ಸಲ ಕೊಡುವುದು ಸಲೀಸು.

ಪ್ರಶ್ನೆ: ರೆಕಾರ್ಡಿಂಗ್ ನಡುವೆ ಟಪ್ ಟಪ್ ಸದ್ದು ಬರುತ್ತದೆ. ತಂತ್ರಾಂಶದ ದೋಷವೇ? ದೋಷವಾದರೆ ಯಾರಿಗೆ ಹೇಳಬೇಕು?
(ಸೋಮವಾರಪೇಟೆ)

ಉತ್ತರ: ಯಾರಿಗಾದರೂ ಹೇಳುವ ಮೊದಲು ಆ ಜಾಗವನ್ನು ಜೂಮ್ ಮಾಡಿ ಅಲೆಯ ಆಕಾರ ನೋಡಿ. ಅಲೆಯ ನೆತ್ತಿ ಕತ್ತಿಯಲ್ಲಿ ಕಡಿದಂತೆ ಚಪ್ಪಟೆಯಾಗಿದ್ದರೆ ಅದು ಮಟ್ಟ ಮೀರಿದ್ದು. ದುಡಿಗೆ ಕಡ್ಡಿಯ ಪೆಟ್ಟು ಬೀಳುವ ಕ್ಷಣದ ಸದ್ದು ಹಾಡಿನ ದನಿಗಿಂತ ಎಷ್ಟೋ ಪಾಲು ಜೋರು. ಮೀಟರ್ ಅದನ್ನು ತೋರಿಸುವಷ್ಟರಲ್ಲಿ ಪೆಟ್ಟು ಮುಗಿದೇ ಹೋಗಿರುತ್ತದೆ. ಎಲ್ಲರೂ ಜೋರಾಗಿ ಬಾರಿಸುವಂತೆ ಹೇಳಿ, ಅತಿ ಎತ್ತರದ ಪೆಟ್ಟು ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಇಳಿಸಿ. 24 ಬಿಟ್‌ನಲ್ಲಿ ಆಮೇಲೆ ಏರಿಸಿಕೊಂಡರೆ ನಷ್ಟವಿಲ್ಲ. ಕಡಿದುಹೋದ ನೆತ್ತಿ ಮಾತ್ರ ಮರಳಿ ಬಾರದು.

ಅಲೆ ನಡುವೆಯೇ ತುಂಡಾಗಿ ಒಮ್ಮೆಲೇ ಬೇರೆ ಕಡೆ ಜಿಗಿದಿದ್ದರೆ ಅದು ಎಕ್ಸ್‌ರನ್: ಕಂಪ್ಯೂಟರ್ ಸಮಯಕ್ಕೆ ಸರಿಯಾಗಿ ಧ್ವನಿಯನ್ನು ಎತ್ತಿಕೊಳ್ಳಲಿಲ್ಲ. ಕಂಪ್ಯೂಟರ್ ಒಂದು ಸಲಕ್ಕೆ ಎತ್ತಿಕೊಳ್ಳುವ ಧ್ವನಿಯ ಕಂತಿಗೆ ಬಫರ್ ಎನ್ನುತ್ತಾರೆ. 48,000 ಹರ್ಟ್ಸ್‌ನಲ್ಲಿ 256ರ ಬಫರ್ ಎಂದರೆ ಸುಮಾರು 5 ಮಿಲಿಸೆಕೆಂಡ್ ಗಡುವು, 1,024 ಎಂದರೆ 21. ಬರೀ ರೆಕಾರ್ಡ್ ಮಾಡುವವರಿಗೆ ಸಣ್ಣ ಬಫರಿನ ಅಗತ್ಯವೇ ಇಲ್ಲ. ಹೆಡ್‌ಫೋನಿನಲ್ಲಿ ತಮ್ಮದೇ ದನಿಯನ್ನು ತಂತ್ರಾಂಶದ ಮೂಲಕ ಕೇಳುತ್ತಾ ಹಾಡುವವರಿಗಷ್ಟೇ ಅದು ಬೇಕು. ಆದ್ದರಿಂದ 1,024ಕ್ಕೆ ಇಡಿ, ವೈಫೈ ಆಫ್ ಮಾಡಿ, ಮೈಕಿನ ಯುಎಸ್‌ಬಿಯನ್ನು ಹಬ್‌ಗೆ ಹಾಕದೆ ನೇರ ಲ್ಯಾಪ್‌ಟಾಪಿಗೆ ಹಾಕಿ. ಕೊಡಗಿನ ಮಳೆಗಾಲದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಕರೆಂಟ್ ಹೋದೊಡನೆ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸುವ ಸ್ಥಿತಿಗೆ ಇಳಿದು ಪ್ರೊಸೆಸರ್ ನಿಧಾನವಾಗುತ್ತದೆ, ಟಪ್ ಟಪ್ ಶುರುವಾಗುತ್ತದೆ. ಬ್ಯಾಟರಿಯಲ್ಲಿದ್ದಾಗಲೂ ಪೂರ್ಣ ವೇಗದಲ್ಲಿ ಓಡುವಂತೆ ಪವರ್ ಸೆಟ್ಟಿಂಗ್ ಬದಲಿಸಿಡಿ.

ಇಷ್ಟಾದರೂ ನಿಲ್ಲದಿದ್ದರೆ ವರದಿ ಮಾಡಿ. ಆಡಾಸಿಟಿಗೆ ಅದರ ಕೋಡ್ ಇರುವ ಗಿಟ್‌ಹಬ್ ತಾಣದಲ್ಲಿ, ಆರ್ಡೋರ್‌ಗೆ ಅವರದೇ ಮ್ಯಾಂಟಿಸ್ ಎಂಬ ದೋಷಪಟ್ಟಿಯಲ್ಲಿ. "ಸೌಂಡ್ ಸರಿ ಬರುತ್ತಿಲ್ಲ, ಬೇಗ ಸರಿಮಾಡಿ" ಎಂದು ಬರೆದರೆ ಓದಿದವರಿಗೆ ಏನೂ ಮಾಡಲು ತೋಚುವುದಿಲ್ಲ. ಹೀಗೆ ಬರೆಯಿರಿ: "ಆವೃತ್ತಿ ಇಂಥದು, ಇಳಿಸಿಕೊಂಡದ್ದು ಇಲ್ಲಿಂದ. ಆಪರೇಟಿಂಗ್ ಸಿಸ್ಟಂ ಇಂಥದು. ಆಡಿಯೊ ಇಂಟರ್‌ಫೇಸ್ ಇಂಥದು, ಬಫರ್ 1,024. ಹೊಸ ಸೆಷನ್ ತೆರೆದೆ, ನಾಲ್ಕು ಮೋನೊ ಟ್ರ್ಯಾಕ್ ಸೇರಿಸಿದೆ, ನಾಲ್ಕನ್ನೂ ರೆಕಾರ್ಡ್‌ಗೆ ಹಾಕಿದೆ. ಮೂರನೇ ನಿಮಿಷದಲ್ಲಿ ನಿಂತಿತು. ಮೂರು ಸಲ ಮಾಡಿದೆ, ಮೂರು ಸಲವೂ ಹೀಗೇ ಆಯಿತು." ಸರಳ ಇಂಗ್ಲಿಷಿನಲ್ಲಿ ಇಷ್ಟು ಬರೆದರೆ ಸಾಕು, ವ್ಯಾಕರಣ ಯಾರೂ ನೋಡುವುದಿಲ್ಲ. ಒಂದು ವರದಿಯಲ್ಲಿ ಒಂದೇ ದೋಷ ಇರಲಿ. ಅದೇ ದೋಷವನ್ನು ಬೇರೆಯವರು ಆಗಲೇ ಬರೆದಿದ್ದಾರೆಯೇ ಎಂದು ಮೊದಲು ಹುಡುಕಿ, ಇದ್ದರೆ ನಿಮ್ಮ ವಿವರವನ್ನು ಅದರ ಕೆಳಗೇ ಸೇರಿಸಿ.

ಪ್ರಶ್ನೆ: ನನಗೆ ಪ್ರೋಗ್ರಾಮಿಂಗ್ ಬಾರದು. ಕನ್ನಡ ಚೆನ್ನಾಗಿ ಬರುತ್ತದೆ. ಇಂಥ ತಂಡಗಳಿಗೆ ನನ್ನಿಂದ ಉಪಯೋಗವಿದೆಯೇ?
(ಮಡಿಕೇರಿ)

ಉತ್ತರ: ಖಂಡಿತ ಇದೆ. ತಂತ್ರಾಂಶದ ಮೆನುಗಳ ಮಾತುಗಳನ್ನು ಹೆಚ್ಚಿನ ತಂಡಗಳು ಪಿಒ ಎಂಬ ಸಾಮಾನ್ಯ ಪಠ್ಯದ ಫೈಲಿನಲ್ಲಿ ಇಡುತ್ತವೆ. ಒಂದು ಸಾಲಿನಲ್ಲಿ ಇಂಗ್ಲಿಷ್, ಕೆಳಗಿನ ಸಾಲಿನಲ್ಲಿ ನಿಮ್ಮ ಕನ್ನಡ. ಪೊಎಡಿಟ್ ಎಂಬ ಉಚಿತ ಸಾಧನದಲ್ಲಿ ತೆರೆದರೆ ಫಾರಂ ತುಂಬಿದಷ್ಟೇ ಸುಲಭ. ಕೆಲವು ತಂಡಗಳು ಇದನ್ನು ಟ್ರಾನ್ಸಿಫೆಕ್ಸ್ ಅಥವಾ ವೆಬ್‌ಲೇಟ್ ಮೂಲಕ ಆನ್‌ಲೈನಿನಲ್ಲೇ ಮಾಡಿಸುತ್ತವೆ.

ಎಡವುವುದು ಎಲ್ಲಿ ಎಂದರೆ, ಸಾಲಿನ ನಡುವೆ ಶೇಕಡಾ ಚಿಹ್ನೆಗೆ ಅಂಟಿಕೊಂಡು ಒಂದು ಅಕ್ಷರ ಇರುತ್ತದೆ. ತಂತ್ರಾಂಶ ಅಲ್ಲಿ ಫೈಲಿನ ಹೆಸರನ್ನೋ ಸಂಖ್ಯೆಯನ್ನೋ ತುಂಬಿಸುತ್ತದೆ. ಅದನ್ನು ಅಳಿಸಿದರೆ ಅಥವಾ ಕನ್ನಡ ಅಕ್ಷರ ಮಾಡಿದರೆ ತಂತ್ರಾಂಶ ಕುಸಿದು ಬೀಳಬಹುದು. ಅಂಥ ಎರಡು ಗುರುತು ಇರುವ ಸಾಲಿನಲ್ಲಿ ಕನ್ನಡದ ಪದಕ್ರಮಕ್ಕೆ ಹಿಂದುಮುಂದು ಮಾಡಬೇಕಾದರೆ ಗುರುತಿನೊಳಗೆ 1, 2 ಎಂದು ಸಂಖ್ಯೆ ಹಾಕುವ ಕ್ರಮವಿದೆ, ಅದನ್ನೇ ಬಳಸಿ. ಏಕವಚನಕ್ಕೊಂದು, ಬಹುವಚನಕ್ಕೊಂದು ಸಾಲು ಕೇಳಿದರೆ ಕನ್ನಡಕ್ಕೆ ಎರಡೂ ತುಂಬಬೇಕು.

ಪದಗಳ ಆಯ್ಕೆಯಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: ಟ್ರ್ಯಾಕ್, ಮೈಕ್, ಪ್ಲಗಿನ್, ಫೇಡ್ ಹಾಗೆಯೇ ಇರಲಿ. ಸ್ಟುಡಿಯೊದಲ್ಲಿ ಯಾರೂ ಆಡದ ಸಂಸ್ಕೃತ ಪದ ಕಟ್ಟಿ ಕೂರಿಸಿದರೆ ಬಳಸುವವರು ಮರುದಿನವೇ ಇಂಗ್ಲಿಷಿಗೆ ಬದಲಿಸಿಕೊಳ್ಳುತ್ತಾರೆ. ಆದರೆ 'ತೆರೆ', 'ಉಳಿಸು', 'ಕತ್ತರಿಸು', 'ಅಂಟಿಸು' ಧಾರಾಳವಾಗಿ ಕನ್ನಡದಲ್ಲಿರಲಿ. 'ರೆಕಾರ್ಡ್' ಒಂದೇ ಪದ ಕಂಡರೂ ಒಂದು ಕಡೆ 'ರೆಕಾರ್ಡ್ ಮಾಡು', ಇನ್ನೊಂದು ಕಡೆ 'ದಾಖಲೆ' ಎಂದಾಗಬಹುದು. ತಂತ್ರಾಂಶವನ್ನು ಪಕ್ಕದಲ್ಲಿ ತೆರೆದಿಟ್ಟು ಆ ಮಾತು ಎಲ್ಲಿ ಕಾಣುತ್ತದೆ ಎಂದು ನೋಡಿಯೇ ತುಂಬಿ. ಮೊದಲ ಕಂತಿಗೆ ಮುಖ್ಯ ಮೆನುಗಳ 200 ಸಾಲು ಸಾಕು.

ಪ್ರಶ್ನೆ: ದುಡಿಯ ಸದ್ದನ್ನು ಕಂಪ್ಯೂಟರಿನಲ್ಲಿ ನುಡಿಸುವಂತೆ ಮಾಡಬಹುದೇ?
(ಗೋಣಿಕೊಪ್ಪ)

ಉತ್ತರ: ಹೈಡ್ರೋಜನ್ ಎಂಬ ಮುಕ್ತ ಡ್ರಮ್ ಯಂತ್ರದಲ್ಲಿ ಆಗುತ್ತದೆ. ಇಟಲಿಯ ಅಲೆಸಾಂಡ್ರೊ ಕೊಮಿನು ಶುರು ಮಾಡಿದ್ದು, ಈಗ ಬೇರೆ ಸ್ವಯಂಸೇವಕರು ಮುಂದುವರಿಸುತ್ತಿದ್ದಾರೆ. ಮೈಕನ್ನು ದುಡಿಯ ಮುಖದಿಂದ ಎರಡು ಗೇಣು ದೂರ, ಸ್ವಲ್ಪ ಓರೆಯಾಗಿ ಇಡಿ. ಮೆಲ್ಲಗೆ, ಮಧ್ಯಮ, ಜೋರು, ಮೂರು ಬಲದಲ್ಲಿ ತಲಾ ನಾಲ್ಕೈದು ಪೆಟ್ಟು, ಪ್ರತಿ ಪೆಟ್ಟಿನ ನಾದ ಪೂರ್ತಿ ಆರುವವರೆಗೆ ರೆಕಾರ್ಡ್ ಮಾಡಿ. ಒಂದೊಂದನ್ನೂ ಬೇರೆ ಫೈಲಾಗಿ ಕತ್ತರಿಸಿ. ಆರಂಭದಲ್ಲಿ ಖಾಲಿ ಜಾಗ ಉಳಿದರೆ ತಾಳ ಹಿಂದೆ ಬೀಳುತ್ತದೆ. ಮೂರನ್ನೂ ಒಂದೇ ವಾದ್ಯದ ಮೂರು ಪದರಗಳಾಗಿ ಸೇರಿಸಿದರೆ ಬಡಿತದ ಬಲಕ್ಕೆ ತಕ್ಕ ಪದರ ತಾನಾಗಿ ನುಡಿಯುತ್ತದೆ. ಮಳೆಗಾಲದಲ್ಲಿ ಚರ್ಮ ಸಡಿಲವಾಗಿ ದನಿ ಮಂಕಾಗುವುದರಿಂದ ಒಣ ಹವೆಯ ದಿನ ನೋಡಿಕೊಳ್ಳಿ.

ಇದನ್ನು ತಂಡಕ್ಕೆ ಕಳಿಸಿದರೆ ಎಲ್ಲರಿಗೂ ಸಿಗುತ್ತದೆ. ಕಳಿಸುವ ಮುನ್ನ ಬಾರಿಸಿದವರಿಗೆ, ಯಾರು ಬೇಕಾದರೂ ಇದನ್ನು ಬಳಸಬಹುದು, ಮಾರಾಟದ ಹಾಡಿಗೂ ಬಳಸಬಹುದು ಎಂಬುದನ್ನು ಬಿಡಿಸಿ ಹೇಳಿ ಒಪ್ಪಿಗೆ ಪಡೆಯಿರಿ. ಅವರು ಒಪ್ಪಿದರೆ ಅವರ ಹೆಸರು, ಊರು, ಯಾವ ಪರವಾನಗಿ ಎಂಬುದನ್ನು ಡ್ರಮ್‌ಕಿಟ್‌ನ ಮಾಹಿತಿ ಪುಟದಲ್ಲಿ ತುಂಬಿಯೇ ಕಳಿಸಿ. ಪರವಾನಗಿಯ ಜಾಗ ಖಾಲಿ ಬಿಟ್ಟ ಕಿಟ್ಟನ್ನು ಹಂಚಲು ಯಾವ ತಂಡಕ್ಕೂ ಧೈರ್ಯ ಬರುವುದಿಲ್ಲ.