ಬೋರ್ಡ್ ಹಾಕಿದ ಮಾತ್ರಕ್ಕೆ ಕಾನೂನಾಗುತ್ತದಾ? ಸೈಕಲ್ ಸವಾರರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಸೈಕಲ್ ತುಳಿಯುವವರಿಂದ ಪ್ರಶ್ನೆ ಕೇಳಿದ್ದೆವು. ಬಂದ ಪತ್ರಗಳಲ್ಲಿ ಪ್ರಶ್ನೆಗಿಂತ ಸಿಟ್ಟೇ ಜಾಸ್ತಿ ಇತ್ತು. ಅದರಲ್ಲಿ ತಪ್ಪೇನಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ, ಹಾಗಾಗಿ ಇಲ್ಲಿ ಹೇಳುವ ತೀರ್ಪುಗಳನ್ನು ನಿಮ್ಮನ್ನು ತಡೆದು ನಿಲ್ಲಿಸಿದ ಪೊಲೀಸರ ಮುಂದೆ ಓದಿದರೆ ಅವರು ನಕ್ಕಾರು. ಆದರೆ ಜಗಳ ಎಲ್ಲ ಕಡೆ ಒಂದೇ. ಬೇರೆಯವರು ಅದನ್ನು ಹೇಗೆ ಗೆದ್ದರು, ಎಲ್ಲಿ ಸೋತರು ಅಂತ ಗೊತ್ತಿದ್ದರೆ ನೀವು ಎಲ್ಲಿಂದ ಶುರು ಮಾಡಬೇಕು ಅನ್ನೋದು ಗೊತ್ತಾಗುತ್ತದೆ.

ಪ್ರಶ್ನೆ: ದಿನಾ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುತ್ತೇನೆ. ಹಿಂದಿನಿಂದ ಕಾರಿನವರು ಹಾರ್ನ್ ಹೊಡೆದು, 'ಟ್ಯಾಕ್ಸ್ ಕಟ್ಟದವರು ಪಕ್ಕಕ್ಕೆ ಹೋಗಿ' ಅಂತಾರೆ. ನಮಗೆ ನಿಜವಾಗಿ ರಸ್ತೆಯ ಮೇಲೆ ಹಕ್ಕಿದೆಯಾ, ಇಲ್ಲ ಸುಮ್ನೆ ಪಾಪ ಅಂತ ಬಿಟ್ಟಿದ್ದಾರಾ?

ಉತ್ತರ: ಹಕ್ಕಿದೆ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದವು ಸೈಕಲ್ ಓಡಿಸುವವರನ್ನೂ 'ಚಾಲಕ' ಎಂದೇ ಲೆಕ್ಕ ಹಾಕುತ್ತದೆ. ಹಲವು ದೇಶಗಳ ಕಾನೂನು ಇದೇ ದಾರಿಯಲ್ಲಿದೆ.

ಇದರ ಹಿಂದಿನ ಕಥೆ ತಮಾಷೆಯಾಗಿದೆ. ಇಂಗ್ಲೆಂಡಿನ ನ್ಯಾಯಾಲಯ 1879ರಲ್ಲಿ ಸೈಕಲ್ಲನ್ನು ಗಾಡಿ ಅಂತ ಒಪ್ಪಿಕೊಂಡದ್ದು ಸವಾರರಿಗೆ ಹಕ್ಕು ಕೊಡಲು ಅಲ್ಲ, ವಿಪರೀತ ಜೋರಾಗಿ ಓಡಿಸಿದ ಒಬ್ಬನಿಗೆ ಶಿಕ್ಷೆ ಕೊಡಲು. ಕುದುರೆಗಾಡಿಗಳನ್ನು ನೋಡಿ ಮಾಡಿದ್ದ 1835ರ ಕಾನೂನು ಇವನಿಗೂ ತಗಲುತ್ತದೆ ಅಂತ ತೀರ್ಪು ಬಂತು. ಒಳ್ಳೆಯದಾಯಿತು ನೋಡಿ, ಗಾಡಿ ಅಂದ ಮೇಲೆ ಶಿಕ್ಷೆ ಒಂದನ್ನೇ ಕೊಟ್ಟು ದಾರಿ ಕೊಡದಿರಲು ಆಗುತ್ತದಾ? 1888ರ ಸ್ಥಳೀಯ ಆಡಳಿತ ಕಾಯ್ದೆ ಸೈಕಲ್ ಒಂದು ಗಾಡಿ ಅಂತ ಇಡೀ ದೇಶಕ್ಕೇ ಹೇಳಿತು. ಜೊತೆಗೆ ಕೌಂಟಿ ಆಡಳಿತಗಳು ತಮಗೆ ತೋಚಿದಂತೆ ಸೈಕಲ್ ನಿಯಮ ಮಾಡುವ ಅಧಿಕಾರವನ್ನು ಕಿತ್ತುಕೊಂಡಿತು.

ಇನ್ನು ಟ್ಯಾಕ್ಸ್ ಮಾತು. ಇದು ಎಲ್ಲ ಭಾಷೆಯಲ್ಲೂ ಕೇಳಿಬರುವ ಬೈಗುಳ. ಬ್ರಿಟನ್ನಿನಲ್ಲಿ ವಾಹನ ತೆರಿಗೆಯ ಹಣವನ್ನು ರಸ್ತೆಗೇ ಮೀಸಲಿಡುವ ಪದ್ಧತಿ 1937ರಲ್ಲೇ ನಿಂತುಹೋಗಿದೆ. ಆದರೂ ಅಲ್ಲಿನ ಕಾರಿನವರು ಇವತ್ತಿಗೂ ಅದನ್ನೇ ಹೇಳುತ್ತಾರೆ. ಊರಿನ ರಸ್ತೆಗಳಿಗೆ ಸಾಮಾನ್ಯ ತೆರಿಗೆಯ ಹಣವೇ ಹೋಗುತ್ತದೆ, ಅದನ್ನು ನೀವೂ ಕಟ್ಟುತ್ತೀರಿ. ಅಷ್ಟಕ್ಕೂ ರಸ್ತೆಯ ಹಕ್ಕನ್ನು ಯಾರೂ ತೆರಿಗೆ ರಸೀದಿ ನೋಡಿ ಹಂಚುವುದಿಲ್ಲ.

ಪ್ರಶ್ನೆ: ಊರಿನ ಮುಖ್ಯ ರಸ್ತೆಯಲ್ಲಿ ಇದ್ದಕ್ಕಿದ್ದಂತೆ 'ಸೈಕಲ್ ನಿಷೇಧ' ಅಂತ ಬೋರ್ಡ್ ಹಾಕಿದ್ದಾರೆ. ಕೇಳಿದರೆ 'ಮೇಲಿನಿಂದ ಆದೇಶ' ಅನ್ನುತ್ತಾರೆ. ಸ್ಥಳೀಯ ಆಡಳಿತ ಹೀಗೆ ಮಾಡಬಹುದಾ?

ಉತ್ತರ: ಈ ಸಲ ಇದೇ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬಂದಿದೆ. ಮಾಡಬಹುದು, ಆದರೆ ಮನಸ್ಸಿಗೆ ಬಂದ ಹಾಗೆ ಅಲ್ಲ. ಬಹಳ ಕಡೆ ಸ್ಥಳೀಯ ಆಡಳಿತಕ್ಕೆ ಸ್ವಂತ ಅಧಿಕಾರ ಅಂತ ಇರುವುದಿಲ್ಲ, ಮೇಲಿನ ಕಾನೂನು ಎಷ್ಟು ಕೊಟ್ಟಿದೆಯೋ ಅಷ್ಟೇ. ಸವಾರರು ಗೆದ್ದ ಮೊಕದ್ದಮೆಗಳನ್ನು ನೋಡಿದರೆ ಪ್ರಶ್ನೆ ಬಹಳ ಸಲ ಇದೇ ಆಗಿರುತ್ತದೆ: ಈ ಬೋರ್ಡ್ ಹಾಕಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 1880ರ ಹೊತ್ತಿಗೆ ಸೈಕಲ್ ನಿಷೇಧವಾಗಿತ್ತು. ಮರುವರ್ಷ ಮೂವರು ಸವಾರರು ಬೇಕಂತಲೇ ಒಳಗೆ ಹೋಗಿ ಬಂಧನಕ್ಕೆ ಒಳಗಾದರು, ನ್ಯಾಯಾಲಯಕ್ಕೆ ಹೋದರು, ಸೋತರು. ಆಮೇಲೆ ಅವರ ಸಂಘದವರು ಜಾಣತನದ ಕೆಲಸ ಮಾಡಿದರು. ಪಾರ್ಕಿನ ಅಧಿಕಾರಿಗಳ ಜೊತೆ ಜಗಳ ಬಿಟ್ಟು ರಾಜ್ಯದ ಶಾಸನಸಭೆಯನ್ನೇ ಹಿಡಿದರು. 1887ರಲ್ಲಿ ಸೈಕಲ್ಲಿಗೂ ಗಾಡಿಗಿರುವಷ್ಟೇ ಹಕ್ಕು ಅಂತ ರಾಜ್ಯದ ಕಾನೂನು ಬಂತು, ಪಾರ್ಕಿನ ನಿಷೇಧ ಬಿದ್ದುಹೋಯಿತು.

ಇದೆಲ್ಲ ಹಳೇ ಕಾಲದ್ದು ಅಂದುಕೊಳ್ಳಬೇಡಿ. ಅಮೆರಿಕದ ಕೊಲರಾಡೊದಲ್ಲಿ ಬ್ಲ್ಯಾಕ್ ಹಾಕ್ ಅಂತ ಒಂದು ಪುಟ್ಟ ಊರಿದೆ, ಜೂಜಿನ ಮನೆಗಳೇ ಅದರ ಆದಾಯ. ಪ್ರವಾಸಿಗಳ ಬಸ್ಸುಗಳಿಗೆ ತೊಂದರೆ ಆಗಬಾರದು ಅಂತ ಊರಿನ ಮುಖ್ಯ ರಸ್ತೆಗಳಲ್ಲಿ ಸೈಕಲ್ ತುಳಿಯುವುದನ್ನೇ ನಿಷೇಧಿಸಿಬಿಟ್ಟರು. 2010ರಲ್ಲಿ ಮೂವರಿಗೆ ದಂಡ ಬಿತ್ತು. ತೀರಾ ಸಣ್ಣ ಮೊತ್ತ. ಕಟ್ಟಿ ಮನೆಗೆ ಹೋಗಬಹುದಿತ್ತು, ಆದರೆ ಅವರು ಹೋಗಲಿಲ್ಲ. 2013ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಹೊಡೆದುಹಾಕಿತು. ಕಾರಣ ಸರಳ. ಒಂದು ರಸ್ತೆಯಲ್ಲಿ ಸೈಕಲ್ ನಿಲ್ಲಿಸಬೇಕಾದರೆ 450 ಅಡಿಯೊಳಗೆ ಇನ್ನೊಂದು ದಾರಿ ಇರಬೇಕು ಅಂತ ರಾಜ್ಯದ ಕಾನೂನಿನಲ್ಲೇ ಇತ್ತು, ಆ ಊರಿನಲ್ಲಿ ಅಂಥ ದಾರಿ ಇರಲಿಲ್ಲ.

ಎಲ್ಲ ಕಡೆ ಕೋರ್ಟಿಗೇ ಹೋಗಬೇಕು ಅಂತಲೂ ಇಲ್ಲ. ಕೋಲ್ಕತ್ತಾದಲ್ಲಿ 2013ರಲ್ಲಿ 174 ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿ ಪೊಲೀಸ್ ಆದೇಶ ಬಂತು. ಹಾಲು ಹಾಕುವವರು, ಪೇಪರ್ ಹಾಕುವವರು, ಸಾಮಾನು ಸಾಗಿಸುವವರು ಬೀದಿಗೆ ಬಂದರು. ಪಟ್ಟಿ 62 ರಸ್ತೆಗೆ ಇಳಿಯಿತು. ಪೂರ್ತಿ ಗೆಲುವಲ್ಲ, ನಿಜ. ಹೊಟ್ಟೆಪಾಡಿಗೆ ಸೈಕಲ್ ತುಳಿಯುವವರಿಗೆ ದಂಡ ಹಾಕಿ ಟ್ರಾಫಿಕ್ ಸರಿ ಮಾಡುತ್ತೇವೆ ಅನ್ನುವ ಯೋಚನೆಯೇ ನನಗೆ ಅಸಹ್ಯ ಅನಿಸುತ್ತದೆ.

ನೀವೀಗ ಮಾಡಬೇಕಾದ್ದು ಇಷ್ಟು. ಬೋರ್ಡಿನ ಫೋಟೊ ತೆಗೆಯಿರಿ. ಆದೇಶದ ಪ್ರತಿ ಕೊಡಿ ಅಂತ ಬರವಣಿಗೆಯಲ್ಲಿ ಕೇಳಿ, ಅದರಲ್ಲಿ ಆದೇಶದ ಸಂಖ್ಯೆ, ದಿನಾಂಕ, ಯಾವ ಕಾನೂನಿನ ಯಾವ ಸೆಕ್ಷನ್ ಅನ್ನುವುದೂ ಇರಬೇಕು ಅಂತ ಹೇಳಿ. 'ಮೇಲಿನಿಂದ ಆದೇಶ' ಅಂದವರು ಆ ಕಾಗದ ತೋರಿಸದಿದ್ದರೆ ಅಂಥ ಆದೇಶ ಇದೆಯೋ ಇಲ್ಲವೋ ಅನ್ನುವ ಅನುಮಾನಕ್ಕೆ ನಿಮಗೆ ಜಾಗ ಸಿಕ್ಕಿತು. ತೋರಿಸಿದರೆ ಅದನ್ನು ಪ್ರಶ್ನಿಸಲು ದಾರಿ ಸಿಕ್ಕಿತು.

ಪ್ರಶ್ನೆ: ರಸ್ತೆ ಪಕ್ಕದಲ್ಲಿ ಸೈಕಲ್ ಪಥ ಮಾಡಿದ್ದಾರೆ. ಅದರ ತುಂಬ ಕಾರು ನಿಂತಿರುತ್ತವೆ, ಇಲ್ಲ ಕಸ. ರಸ್ತೆಗೆ ಇಳಿದರೆ 'ನಿಮಗೆ ಅಂತ ಮಾಡಿಲ್ವಾ, ಅಲ್ಲೇ ಹೋಗಿ' ಅಂತಾರೆ. ಅಲ್ಲೇ ಹೋಗಬೇಕಾ?

ಉತ್ತರ: ಊರೂರಿಗೆ ಬೇರೆ. ನೆದರ್‌ಲ್ಯಾಂಡ್ಸ್‌ನಲ್ಲಿ ದುಂಡಗಿನ ನೀಲಿ ಬೋರ್ಡ್ ಇದ್ದರೆ ಪಥದಲ್ಲೇ ಹೋಗಬೇಕು. ಆದರೆ ಅಲ್ಲಿನ ಪಥ ಕೂಡ ಹೋಗುವ ಹಾಗೆ ಇರುತ್ತದೆ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್ ಪ್ರಕಾರ ಅದು ಕಡ್ಡಾಯ ಅಲ್ಲ. ಜರ್ಮನಿಯದ್ದು ಗಮನಿಸಬೇಕಾದ ಮೊಕದ್ದಮೆ. ರೆಗೆನ್ಸ್‌ಬರ್ಗ್ ನಗರದ ಒಬ್ಬ ಸವಾರರು ಕಡ್ಡಾಯದ ಬೋರ್ಡನ್ನೇ ಪ್ರಶ್ನಿಸಿ ಅತ್ಯುನ್ನತ ಆಡಳಿತ ನ್ಯಾಯಾಲಯದವರೆಗೆ ಹೋದರು. 2010ರ ತೀರ್ಪು ಹೇಳಿದ್ದು: ಆ ಜಾಗದ ಪರಿಸ್ಥಿತಿಯಿಂದ ಮಾಮೂಲಿಗಿಂತ ಬಹಳ ಹೆಚ್ಚಿನ ಅಪಾಯ ಇದ್ದರೆ ಮಾತ್ರ ಕಡ್ಡಾಯ ಮಾಡಬಹುದು. ಅಂದರೆ ಸವಾರರು ರಸ್ತೆಯಲ್ಲಿರುವುದು ಸಾಮಾನ್ಯ ನಿಯಮ, ಅವರನ್ನು ಪಕ್ಕಕ್ಕೆ ಕಳಿಸಬೇಕಾದರೆ ಆಡಳಿತ ಕಾರಣ ಕೊಡಬೇಕು. ನಿಮ್ಮ ಊರಿನಲ್ಲಿ ಕಡ್ಡಾಯ ಅಂತ ನಿಯಮವೇ ಇದ್ದರೂ, ಪಥ ಮುಚ್ಚಿಹೋಗಿರುವ ಫೋಟೊ ದಿನಾಂಕದ ಸಮೇತ ನಿಮ್ಮ ಹತ್ತಿರ ಇರಲಿ.

ಪ್ರಶ್ನೆ: ರಸ್ತೆ ಗುಂಡಿಗೆ ಬಿದ್ದು ಕೈ ಮುರಿದುಕೊಂಡೆ. ಸ್ಥಳೀಯ ಆಡಳಿತದಿಂದ ಪರಿಹಾರ ಕೇಳಬಹುದಾ? ಕಚೇರಿಗೆ ಹೋದರೆ 'ನೋಡಿಕೊಂಡು ತುಳಿಯಬೇಕಿತ್ತು' ಅಂದರು.

ಉತ್ತರ: ಕೈ ಬೇಗ ಗುಣವಾಗಲಿ. ಕೇಳಬಹುದು, ಆದರೆ ಇಲ್ಲಿ ಕಾನೂನಿಗೆ ಎರಡು ಮುಖ ಇದೆ, ತಿಳಿದಿರಲಿ.

ಅಮೆರಿಕದ ಇಲಿನಾಯ್‌ನಲ್ಲಿ ಒಬ್ಬ ಸವಾರರು ದುರಸ್ತಿ ನಡೆಯುತ್ತಿದ್ದ ಸೇತುವೆಯ ಹಲಗೆಗಳ ಸಂದಿಗೆ ಚಕ್ರ ಸಿಕ್ಕಿ ಬಿದ್ದರು. ರಾಜ್ಯದ ಸುಪ್ರೀಂ ಕೋರ್ಟ್ 1998ರಲ್ಲಿ ಅವರಿಗೆ ಪರಿಹಾರ ಇಲ್ಲ ಅಂದಿತು. ಸೈಕಲ್ ಸವಾರರು ರಸ್ತೆಯಲ್ಲಿ ಹೋಗಲು ಅನುಮತಿ ಇದೆ, ಆದರೆ ಆ ರಸ್ತೆ ಮಾಡಿದ್ದು ಅವರಿಗಾಗಿ ಅಲ್ಲ, ಹಾಗಾಗಿ ಅದನ್ನು ಅವರಿಗೆ ಸುರಕ್ಷಿತವಾಗಿ ಇಡುವ ಹೊಣೆಯೂ ಆಡಳಿತದ್ದಲ್ಲ ಅನ್ನುವುದು ವಾದ. ಸೈಕಲ್ ಪಥದ ಗೆರೆಯೋ ಬೋರ್ಡೋ ಇದ್ದಿದ್ದರೆ ಮಾತು ಬೇರೆಯಾಗುತ್ತಿತ್ತು. 2023ರಲ್ಲಿ ಷಿಕಾಗೋದ ಗುಂಡಿಯೊಂದರ ಮೊಕದ್ದಮೆಯಲ್ಲೂ ಅದೇ ನ್ಯಾಯಾಲಯ ಅದೇ ಮಾತು ಹೇಳಿತು. ನಗರವೇ ಬಾಡಿಗೆ ಸೈಕಲ್ ನಿಲ್ದಾಣಗಳನ್ನು ಇಟ್ಟು ತುಳಿಯಿರಿ ಬನ್ನಿ ಅಂತ ಕರೆಯುತ್ತದೆ, ಬಿದ್ದರೆ ಮಾತ್ರ ನೀವು ಯಾರೋ ಏನೋ. ಮನೆಗೆ ಊಟಕ್ಕೆ ಕರೆದು ಎಲೆ ಹಾಕದ ಹಾಗಾಯಿತು, ಅಲ್ವಾ?

ಇಂಗ್ಲೆಂಡಿನಲ್ಲಿ ಇಂಥ ಭೇದ ಇಲ್ಲ. 1980ರ ಹೆದ್ದಾರಿ ಕಾಯ್ದೆ ಪ್ರಕಾರ ರಸ್ತೆ ಸುಸ್ಥಿತಿಯಲ್ಲಿ ಇಡುವುದು ಆಡಳಿತದ ಕರ್ತವ್ಯ. ತಪ್ಪಿಸಿಕೊಳ್ಳಲು ಅವರಿಗೆ ಒಂದೇ ದಾರಿ: ನಾವು ಸರಿಯಾಗಿ ತಪಾಸಣೆ ಮಾಡುತ್ತಿದ್ದೆವು, ಈ ಗುಂಡಿ ನಮಗೆ ಗೊತ್ತಾಗುವ ಹಾಗಿರಲಿಲ್ಲ ಅಂತ ತೋರಿಸುವುದು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬಿದ್ದ ಮೇಲೆ ಬರೆಯುವ ದೂರಿಗಿಂತ ಬೀಳುವ ಮುಂಚೆ ಯಾರೋ ಬರೆದ ದೂರಿಗೆ ಬೆಲೆ ಜಾಸ್ತಿ, ಯಾಕೆಂದರೆ ಆಮೇಲೆ 'ಗೊತ್ತಿರಲಿಲ್ಲ' ಅನ್ನುವ ಹಾಗಿಲ್ಲ.

ನ್ಯೂಯಾರ್ಕ್ ನಗರ ಇದನ್ನೇ ತಿರುಗಿಸಿ ಗುರಾಣಿ ಮಾಡಿಕೊಂಡಿತು. ಗುಂಡಿ ಬಗ್ಗೆ ಮೊದಲೇ ಲಿಖಿತ ಮಾಹಿತಿ ಬಂದು, 15 ದಿನದಲ್ಲಿ ಸರಿ ಮಾಡದಿದ್ದರೆ ಮಾತ್ರ ನಾವು ಹೊಣೆ ಅಂತ ನಿಯಮ ತಂದರು. ವಕೀಲರು ಸುಮ್ಮನಿದ್ದಾರಾ? ಒಂದು ಕಂಪನಿಯನ್ನೇ ಕಟ್ಟಿ ಬೀದಿ ಬೀದಿ ಸುತ್ತಿಸಿ, ಗುಂಡಿ, ಬಿರುಕುಗಳ ನಕ್ಷೆ ಮಾಡಿಸಿ, ನಗರಾಡಳಿತದ ಮೇಜಿನ ಮೇಲೆ ರಾಶಿ ಹಾಕಿದರು. ತಗೊಳ್ಳಿ, ಲಿಖಿತ ಮಾಹಿತಿ!

ನಿಮ್ಮ ವಿಷಯಕ್ಕೆ ಬರೋಣ. ಗುಂಡಿ ಮುಚ್ಚುವ ಮುಂಚೆ ಫೋಟೊ ತೆಗೆಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಆಳ ಕಾಣುವಂತೆ ತೆಗೆಸಿ. ದೂರು ಕೊಟ್ಟ ತಕ್ಷಣ ರಾತ್ರೋರಾತ್ರಿ ಗುಂಡಿ ಮಾಯವಾಗುವುದುಂಟು! ಆಸ್ಪತ್ರೆಯ ಕಾಗದಗಳಲ್ಲಿ ಹೇಗೆ ಬಿದ್ದಿರಿ ಅನ್ನುವುದು ಬರೆದಿದೆಯಾ ನೋಡಿ. ಅದೇ ಗುಂಡಿಯ ಬಗ್ಗೆ ಹಿಂದೆ ಯಾರಾದರೂ ದೂರು ಕೊಟ್ಟಿದ್ದರಾ ಅಂತ ವಿಚಾರಿಸಿ, ಆ ಪ್ರತಿ ಸಿಕ್ಕರೆ ಅರ್ಧ ಕೆಲಸ ಆಯಿತು. ಪರಿಹಾರ ಕೇಳಲು ಗಡುವು ಇರುತ್ತದೆ, ಕೆಲವು ಕಡೆ ತೀರಾ ಚಿಕ್ಕದು. ಆದ್ದರಿಂದ ವಕೀಲರನ್ನು ಬೇಗ ನೋಡಿ.

ಪ್ರಶ್ನೆ: ನಿಧಾನ ಹೋಗುತ್ತೀನಿ, ಸಂಚಾರಕ್ಕೆ ಅಡ್ಡಿ ಅಂತ ನನ್ನನ್ನೇ ಬೈದರು. ಕಾರುಗಳು ಮೈ ತಾಗುವ ಹಾಗೆ ಹೋಗುತ್ತವೆ, ಅದಕ್ಕೆ ಕಾನೂನಿಲ್ವಾ?

ಉತ್ತರ: ಅಮೆರಿಕದ ಒಹಾಯೊ ರಾಜ್ಯದ ಟ್ರಾಟ್‌ವುಡ್‌ನಲ್ಲಿ ಇದೇ ಕಾರಣಕ್ಕೆ ಒಬ್ಬ ಸವಾರರಿಗೆ ಶಿಕ್ಷೆ ಆಗಿತ್ತು. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಬಿಡುಗಡೆ ಮಾಡಿತು. ಸೈಕಲ್ ಎಷ್ಟು ವೇಗದಲ್ಲಿ ಹೋಗಬಲ್ಲದೋ ಅಷ್ಟು ವೇಗದಲ್ಲಿ ಹೋದರೆ ಅದು ಅಡ್ಡಿ ಅಲ್ಲ, ಇಲ್ಲವಾದರೆ ಸೈಕಲ್ಲನ್ನೇ ರಸ್ತೆಯಿಂದ ಓಡಿಸಿದ ಹಾಗಾಗುತ್ತದೆ ಅಂತ.

ಅಂತರದ ಕಾನೂನು ಹಲವು ಕಡೆ ಇದೆ. ಜರ್ಮನಿಯಲ್ಲಿ 2020ರಿಂದ ಊರೊಳಗೆ ಕನಿಷ್ಠ 1.5 ಮೀಟರ್, ಊರಾಚೆ 2 ಮೀಟರ್ ಬಿಟ್ಟೇ ಸೈಕಲ್ಲನ್ನು ಹಿಂದಿಕ್ಕಬೇಕು. ಬ್ರಿಟನ್ನಿನ ಹೈವೇ ಕೋಡ್‌ಗೆ 2022ರ ತಿದ್ದುಪಡಿಯಲ್ಲಿ 1.5 ಮೀಟರ್ ಬಂತು. ಜೊತೆಗೆ, ಸಣ್ಣ ರಸ್ತೆಯಲ್ಲಿ ಸವಾರರು ಅಂಚಿಗೆ ಅಂಟಿಕೊಳ್ಳದೆ ಲೇನಿನ ಮಧ್ಯದಲ್ಲೇ ಹೋಗಬಹುದು ಅಂತಲೂ ಬರೆದರು. ಇದನ್ನು ಓದಿ ಕಾರಿನವರಿಗೆ ಸಿಟ್ಟು ಬಂತು. ಆದರೆ ಅಂಚಿನಲ್ಲಿ ಹೋದರೆ ಪಕ್ಕದಲ್ಲಿ ತೂರಿಕೊಂಡು ಹೋಗಲು ಜಾಗ ಇದೆ ಅಂತ ಹಿಂದಿನವರಿಗೆ ಅನಿಸುತ್ತದೆ, ಅಪಾಯ ಇರುವುದೇ ಅಲ್ಲಿ.

ಪ್ರಶ್ನೆ: ಸೈಕಲ್ಲಿಗೂ ಲೈಸೆನ್ಸ್, ನಂಬರ್ ಪ್ಲೇಟ್ ತಂದರೆ ಶಿಸ್ತು ಬರುತ್ತದೆ ಅಂತ ನಮ್ಮ ಜನಪ್ರತಿನಿಧಿ ಹೇಳುತ್ತಿದ್ದಾರೆ. ನೀವೇನಂತೀರಿ?

ಉತ್ತರ: ಇದನ್ನು ಮಾಡಿ ಕೈಬಿಟ್ಟವರಿದ್ದಾರೆ. ಟೊರಾಂಟೊ 1935ರಲ್ಲಿ ಶುರು ಮಾಡಿ 1957ರಲ್ಲಿ ನಿಲ್ಲಿಸಿತು. ಲೈಸೆನ್ಸ್ ಇಲ್ಲದ ಮಕ್ಕಳು ಕಾನೂನು ಮುರಿದವರಾಗುತ್ತಿದ್ದರು, ಪೊಲೀಸರಿಗೆ ಬೇಡದ ಕೆಲಸ. ಲಾಸ್ ಏಂಜಲೀಸ್ 2009ರಲ್ಲಿ ತನ್ನ ಸೈಕಲ್ ಲೈಸೆನ್ಸ್ ನಿಯಮ ತೆಗೆದುಹಾಕಿತು.

ನನ್ನ ಭಯ ಖರ್ಚಿನದ್ದಲ್ಲ. ಇಂಥ ಸಣ್ಣ ನಿಯಮ ಯಾರ ಮೇಲೆ ಬೀಳುತ್ತದೆ ನೋಡಿ. ಫ್ಲಾರಿಡಾದ ಟ್ಯಾಂಪಾದಲ್ಲಿ ಮೂರು ವರ್ಷ ಸೈಕಲ್ ಸವಾರರಿಗೆ ಹಾಕಿದ ದಂಡಗಳನ್ನು ಪತ್ರಿಕೆಯೊಂದು 2015ರಲ್ಲಿ ಲೆಕ್ಕ ಹಾಕಿತು. ಸುಮಾರು ಶೇ. 80 ಕಪ್ಪು ಜನರಿಗೇ ಬಿದ್ದಿತ್ತು, ಲೈಟ್ ಇಲ್ಲ, ಇನ್ನೊಬ್ಬರನ್ನು ಕೂರಿಸಿಕೊಂಡರು ಅನ್ನುವಂಥ ಕಾರಣಕ್ಕೆ. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ 2022ರಲ್ಲಿ ಹೆಲ್ಮೆಟ್ ಕಡ್ಡಾಯವನ್ನೇ ರದ್ದು ಮಾಡಿದರು. ಹೆಲ್ಮೆಟ್ ಬೇಡ ಅಂತಲ್ಲ, ಆ ನೆಪದಲ್ಲಿ ಮನೆಯಿಲ್ಲದವರಿಗೂ ಕಪ್ಪು ಜನರಿಗೂ ಲೆಕ್ಕ ಮೀರಿ ದಂಡ ಬೀಳುತ್ತಿತ್ತು ಅಂತ. ನಿಮ್ಮ ಜನಪ್ರತಿನಿಧಿಯವರಿಗೆ ಒಂದೇ ಪ್ರಶ್ನೆ ಕೇಳಿ: ನಂಬರ್ ಪ್ಲೇಟ್ ಇರುವ ವಾಹನಗಳಿಗೆ ಎಷ್ಟು ಶಿಸ್ತು ಬಂದಿದೆ?

ಪ್ರಶ್ನೆ: ಕಾರು ಗುದ್ದಿದರೆ ತಪ್ಪು ಯಾರದ್ದು ಅಂತ ಸವಾರರೇ ಸಾಬೀತು ಮಾಡಬೇಕಾ?

ಉತ್ತರ: ಬಹಳ ಕಡೆ ಹೌದು. ನೆದರ್‌ಲ್ಯಾಂಡ್ಸ್‌ನಲ್ಲಿ ತಿರುವುಮುರುವು, ಅಲ್ಲಿ ಪರಿಹಾರದ ಹೊಣೆ ಮೋಟಾರು ವಾಹನದವರ ಮೇಲೇ ಶುರುವಾಗುತ್ತದೆ. ಸವಾರರು 14 ವರ್ಷದೊಳಗಿನ ಮಗುವಾದರೆ ಪೂರ್ತಿ, ದೊಡ್ಡವರ ತಪ್ಪಿದ್ದರೂ ಸಾಮಾನ್ಯವಾಗಿ ಕನಿಷ್ಠ ಅರ್ಧ. ಫ್ರಾನ್ಸ್‌ನ 1985ರ ಕಾನೂನು ಕೂಡ ಇದೇ ದಿಕ್ಕಿನದ್ದು. ಇದು ಜೈಲು ಶಿಕ್ಷೆಯ ಮಾತಲ್ಲ, ವಿಮೆಯ ಹಣದ ಮಾತು. ಇಂಥ ಕಾನೂನು ಇಲ್ಲದ ಕಡೆ ಹ್ಯಾಂಡಲ್‌ಗೆ ಒಂದು ಸಣ್ಣ ಕ್ಯಾಮೆರಾ ಕಟ್ಟಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಸೈಕಲ್ ತಳ್ಳಿಕೊಂಡು ಹೋದರೂ ಫುಟ್‌ಪಾತ್ ಮೇಲೆ ಬರಬೇಡಿ ಅಂತಾರೆ.

ಉತ್ತರ: ತಳ್ಳುವವರು ಪಾದಚಾರಿ. ವಿಯೆನ್ನಾ ಒಪ್ಪಂದ ಹಾಗೆ ಎಣಿಸಲು ಅವಕಾಶ ಕೊಡುತ್ತದೆ, ಇಂಗ್ಲೆಂಡಿನ ನ್ಯಾಯಾಲಯ 1980ರಲ್ಲಿ ಜೀಬ್ರಾ ಕ್ರಾಸಿಂಗ್ ಮೇಲೆ ಸೈಕಲ್ ತಳ್ಳಿಕೊಂಡು ದಾಟುತ್ತಿದ್ದವರ ಮೊಕದ್ದಮೆಯಲ್ಲಿ ಇದನ್ನೇ ಹೇಳಿತು. ಆದರೆ ಒಂದು ಕಾಲು ಪೆಡಲ್ ಮೇಲಿಟ್ಟು ಇನ್ನೊಂದು ಕಾಲಿನಲ್ಲಿ ನೂಕಿಕೊಂಡು ಹೋಗುತ್ತೀರಲ್ಲ, ಅದನ್ನು ತಳ್ಳುವುದು ಅಂತ ವಾದಿಸಲು ಹೋಗಬೇಡಿ.